ಚೂರಿ ಆರಿಸುವಾಗ ನಾನು ನೋಡುವುದು: ಹರಿತಕ್ಕಿಂತ ಹದ, ಹೊಳಪಿಗಿಂತ ಆಕಾರ

ಚೂರಿ ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಅದರ ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಮೇಲೆ ಹೆಬ್ಬೆರಳು ಆಡಿಸಿ "ಒಳ್ಳೆ ಹರಿತ ಇದೆ" ಅನ್ನುತ್ತಾರೆ. ಅಂಗಡಿಯಲ್ಲಿರುವ ಹರಿತಕ್ಕೆ ನಾನು ಅಷ್ಟೊಂದು ಬೆಲೆ ಕೊಡುವುದಿಲ್ಲ. ಹರಿತವನ್ನು ಮನೆಯಲ್ಲೇ ತರಬಹುದು. ಒಂದು ಮಸೆಗಲ್ಲು, ಸ್ವಲ್ಪ ನೀರು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಆದರೆ ಹದ (ಕಾಯಿಸಿ ತಣಿಸಿ ಉಕ್ಕಿಗೆ ಕೊಡುವ ಗಡಸುತನ) ತಪ್ಪಿದ ಉಕ್ಕನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಅತಿ ದಪ್ಪಗಿರುವ ಅಲಗನ್ನು ಉಜ್ಜಿ ತೆಳ್ಳಗೆ ಮಾಡುತ್ತೇನೆ ಅಂತ ಕೂತರೆ ದಿನಗಳೇ ಬೇಕು. ಹಾಗಾಗಿ ಆಮೇಲೆ ತಿದ್ದಲು ಬಾರದ ಸಂಗತಿಗಳನ್ನೇ ನಾನು ಮೊದಲು ನೋಡುತ್ತೇನೆ.

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ, ಜೊತೆಗೆ ಕಾಳುಮೆಣಸು. ದೊಡ್ಡ ಕತ್ತಿಯ ಕೆಲಸ ಬೇರೆ. ಹಾಳೆ ಸೀಳುವುದು, ಮೆಣಸಿನ ಬಳ್ಳಿಗೆ ಕಟ್ಟಿದ ಹಗ್ಗ ಕೊಯ್ಯುವುದು, ಡ್ರಿಪ್ ಪೈಪು ಕತ್ತರಿಸುವುದು, ಗೂಟದ ತುದಿ ಚೂಪು ಮಾಡುವುದು, ಇಂಥವಕ್ಕೆಲ್ಲ ಸೊಂಟದಲ್ಲಿ ಒಂದು ಚಿಕ್ಕ ಚೂರಿ ಬೇಕೇ ಬೇಕು. ಮಡಚುವ ಚಾಕುವಾದರೆ ಅದರ ಸಂದಿಯಲ್ಲಿ ಮಣ್ಣು, ಸೊನೆ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರು. ಅದಕ್ಕೇ ಅಲಗು ಹಿಡಿಗೆ ಗಟ್ಟಿಯಾಗಿ ಕೂತಿರುವ ಚೂರಿಯೇ ನನಗೆ ಸರಿ. ಸದ್ಯ ಎರಡು ಇಟ್ಟುಕೊಂಡಿದ್ದೇನೆ. ಒಂದು ನಮ್ಮ ಊರಿನ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿಸಿದ್ದು. ಇನ್ನೊಂದು ಸ್ವೀಡನ್ನಿನ ಮೋರಾ ಊರಿನ ಮೋರಾಕ್ನಿವ್ ಕಂಪನಿಯ 'ಕಂಪ್ಯಾನಿಯನ್'. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಕೆಲಸ ಮಾಡಿದ್ದರಿಂದ ಕಲಿತದ್ದು ಜಾಸ್ತಿ.

ಕೈಗೆ ಬಂದ ಚೂರಿಯನ್ನು ಮೊದಲು ಕಣ್ಣಿನ ಮಟ್ಟಕ್ಕೆ ಹಿಡಿದು, ಹಿಡಿಯ ಕಡೆಯಿಂದ ತುದಿಯ ಕಡೆಗೆ ಬೆನ್ನಿನ ಉದ್ದಕ್ಕೂ ನೋಡುತ್ತೇನೆ. ಎಲ್ಲಾದರೂ ಬಾಗಿದೆಯಾ, ತಿರುಚಿದೆಯಾ ಅಂತ ಆಗ ಗೊತ್ತಾಗುತ್ತದೆ. ಆಮೇಲೆ ಬಾಯಿ ಮೇಲೆ ಮಾಡಿ ಹಿಡಿಯುತ್ತೇನೆ. ಬಾಯಿ ಸರಿಯಾಗಿ ನಡುವೆ ಇರಬೇಕು. ಎರಡೂ ಬದಿಯ ಇಳಿಜಾರು ಒಂದೇ ಎತ್ತರದಿಂದ ಶುರುವಾಗಬೇಕು. ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ ಇದ್ದರೆ ಕೊಯ್ಯುವಾಗ ಚೂರಿ ಪಕ್ಕಕ್ಕೆ ಎಳೆಯುತ್ತದೆ. ಕೆಲಸದವರ ಕೈ ಎಷ್ಟು ನಿಗಾ ವಹಿಸಿದೆ ಅನ್ನುವುದು ಇದರಲ್ಲೇ ತಿಳಿಯುತ್ತದೆ.

ಇನ್ನು ದಪ್ಪದ ವಿಷಯ. ಈಗ ಮಾರುಕಟ್ಟೆಯಲ್ಲಿ 5 ಮಿ.ಮೀ., 6 ಮಿ.ಮೀ. ದಪ್ಪದ ಬೆನ್ನಿಗೆ ಬಹಳ ಬೇಡಿಕೆ. ದಪ್ಪ ಇದ್ದರೆ ಗಟ್ಟಿ ಅನ್ನುವುದು ಸುಳ್ಳಲ್ಲ. ಅಲಗಿನ ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಶಕ್ತಿ 8 ಪಟ್ಟಾಗುತ್ತದೆ. ಆದರೆ ತೋಟದಲ್ಲಿ ದಿನವಿಡೀ ಮಾಡುವುದು ಕೊಯ್ಯುವ ಕೆಲಸ. ಅಲ್ಲಿ ಬೆನ್ನಿನ ದಪ್ಪಕ್ಕಿಂತ ಬಾಯಿಯ ಹಿಂದೆಯೇ ಇರುವ ದಪ್ಪ ಮುಖ್ಯ. ಹೆಬ್ಬೆರಳು, ತೋರುಬೆರಳಿನ ನಡುವೆ ಅಲಗನ್ನು ಹಿಡಿದು, ಬೆನ್ನಿನಿಂದ ಬಾಯಿಯ ಹತ್ತಿರದವರೆಗೆ ಮೆಲ್ಲಗೆ ಇಳಿಸಿ ನೋಡಿ. ಬಾಯಿಗೆ ಬೆರಳು ತಾಗಬಾರದು. ಒಳ್ಳೆಯ ಚೂರಿಯಲ್ಲಿ ಬೆರಳುಗಳು ಹತ್ತಿರ ಹತ್ತಿರ ಬರುತ್ತಾ ಹೋಗುವುದು ಗೊತ್ತಾಗುತ್ತದೆ. ಕೆಟ್ಟ ಚೂರಿಯಲ್ಲಿ ಕೊನೆಯವರೆಗೂ ದಪ್ಪ ಹಾಗೇ ಇದ್ದು, ತುದಿಯಲ್ಲಿ ಒಂದು ಸಣ್ಣ ಪಟ್ಟಿಯಷ್ಟೇ ಇಳಿಜಾರು ಇರುತ್ತದೆ.

ಇದನ್ನು ಪಕ್ಕಾ ಮಾಡಿಕೊಳ್ಳಲು ನಾನು ಒಂದು ಹಸಿ ಗೆಣಸು ತೆಗೆದುಕೊಳ್ಳುತ್ತೇನೆ. ಮಧ್ಯಕ್ಕೆ ಬಾಯಿ ಇಟ್ಟು ನೇರ ಕೆಳಗೆ ಒತ್ತಬೇಕು. ತೆಳು ಅಲಗು ಸದ್ದಿಲ್ಲದೆ ಮಣೆಯವರೆಗೂ ಇಳಿಯುತ್ತದೆ, ಎರಡೂ ಹೋಳಿನ ಮುಖ ನುಣುಪಾಗಿ ಒದ್ದೆಯಾಗಿರುತ್ತದೆ. ದಪ್ಪ ಅಲಗು ಅರ್ಧಕ್ಕೆ ಹೋಗುವಷ್ಟರಲ್ಲಿ ಗೆಣಸು ಟಪ್ ಅಂತ ಸೀಳಿಹೋಗುತ್ತದೆ. ಹೋಳನ್ನು ತಿರುಗಿಸಿ ನೋಡಿದರೆ ಮೇಲರ್ಧ ಕೊಯ್ದದ್ದು, ಕೆಳಗಿನರ್ಧ ಒಡೆದದ್ದು ಅಂತ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಕಂಪ್ಯಾನಿಯನ್ ಬರೀ 2.5 ಮಿ.ಮೀ. ದಪ್ಪ. ಆದರೂ ಅದರಲ್ಲಿ ಗೆಣಸು ಸ್ವಲ್ಪ ಸೀಳುತ್ತದೆ. ಯಾಕೆಂದರೆ ಅದರ ಇಳಿಜಾರು ಬೆನ್ನಿನಿಂದಲ್ಲ, ಅಲಗಿನ ಕೆಳಭಾಗದಿಂದ ಶುರುವಾಗುತ್ತದೆ. ಆ ಏಣು ಬೆಣೆ ಬಡಿದ ಹಾಗೆ ಹೋಳನ್ನು ಅಗಲಿಸುತ್ತದೆ. ನಮ್ಮ ಆಚಾರ್ರು ಮಾಡಿದ್ದು 3 ಮಿ.ಮೀ. ಇದೆ, ಆದರೆ ಬೆನ್ನಿನಿಂದಲೇ ಸಮನಾಗಿ ಇಳಿದಿದೆ. ಗೆಣಸಿನಲ್ಲಿ ಅದೇ ಗೆಲ್ಲುತ್ತದೆ. ಮರ ಕೆತ್ತುವಾಗ ಮಾತ್ರ ಲೆಕ್ಕ ಉಲ್ಟಾ. ಕಂಪ್ಯಾನಿಯನ್‌ನ ಅಗಲ ಇಳಿಜಾರು ಮರದ ಮೇಲೆ ಚಪ್ಪಟೆಯಾಗಿ ಕೂರುತ್ತದೆ, ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿರುತ್ತದೆ. ಯಾವ ಕೆಲಸಕ್ಕೆ ಅಂತ ಹೇಳದೆ ಚೂರಿಯ ಆಕಾರ ಒಳ್ಳೆಯದು, ಕೆಟ್ಟದು ಅನ್ನುವುದರಲ್ಲಿ ಅರ್ಥವಿಲ್ಲ.

ಉಕ್ಕಿನ ಹೆಸರು ಅಲಗಿನ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ಓದಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಕಂಪ್ಯಾನಿಯನ್‌ನ ಸ್ಟೇನ್‌ಲೆಸ್ ಬಗೆಯಲ್ಲಿ ಇರುವುದು 12ಸಿ27 ಉಕ್ಕು. ಸುಮಾರು ಶೇ. 0.6 ಇಂಗಾಲ, ಶೇ. 13.5 ಕ್ರೋಮಿಯಂ. ತುಕ್ಕು ತಡೆಯುವುದು ಈ ಕ್ರೋಮಿಯಂ. ಲಾರಿ ಪ್ಲೇಟಿನಲ್ಲೂ ಇಂಗಾಲ ಹೆಚ್ಚುಕಡಿಮೆ ಅಷ್ಟೇ, ಆದರೆ ತುಕ್ಕು ತಡೆಯುವಷ್ಟು ಕ್ರೋಮಿಯಂ ಇಲ್ಲ. ಒಂದೇ ಉಕ್ಕು ಹದ ಕಡಿಮೆಯಾದರೆ ಬಾಗುತ್ತದೆ, ಜಾಸ್ತಿಯಾದರೆ ಒಡೆಯುತ್ತದೆ. ಕಾರ್ಖಾನೆಯಲ್ಲಿ ಗಡಸುತನ ಅಳೆಯಲು ರಾಕ್‌ವೆಲ್ ಯಂತ್ರವಿದೆ. ವಜ್ರದ ಚೂಪು ಮೊನೆಯನ್ನು 150 ಕೆ.ಜಿ. ಭಾರದಲ್ಲಿ ಉಕ್ಕಿಗೆ ಒತ್ತಿ, ಎಷ್ಟು ಆಳ ಇಳಿಯಿತು ಅಂತ ನೋಡುತ್ತಾರೆ. ತೋಟದ ಚೂರಿಗೆ ಆ ಅಳತೆಯಲ್ಲಿ 56ರಿಂದ 58 ಇದ್ದರೆ ನನಗೆ ಖುಷಿ. ಅದಕ್ಕಿಂತ ಗಡಸಾದರೆ ಮಸೆಯುವುದು ಕಷ್ಟ, ಬಿದಿರಿನ ಗಂಟಿಗೆ ಬಾಯಿ ಚಕ್ಕೆ ಏಳುವ ಭಯ.

ಕುಲುಮೆಯಲ್ಲಿ ಯಂತ್ರವಿಲ್ಲ, ಕಣ್ಣಿದೆ. ನನ್ನ ಚೂರಿಗೆ ಹದ ಹಾಕುವ ದಿನ ಆಚಾರ್ರ ಪಕ್ಕದಲ್ಲೇ ಕೂತಿದ್ದೆ. ಕಿಟಕಿಗೆ ಗೋಣಿ ಇಳಿಬಿಟ್ಟು ಒಳಗೆ ಕತ್ತಲು ಮಾಡಿಕೊಂಡಿದ್ದರು, ಕಾದ ಉಕ್ಕಿನ ಬಣ್ಣ ಬಿಸಿಲಲ್ಲಿ ಮೋಸ ಮಾಡುತ್ತದೆ ಅಂತ. ಹಳೆ ಸ್ಪೀಕರಿನ ಅಯಸ್ಕಾಂತ ಒಂದನ್ನು ನಾನು ಒಯ್ದಿದ್ದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹದ ಕೂರಬೇಕಾದರೆ ಅದಕ್ಕಿಂತ ಇನ್ನೂ ಸ್ವಲ್ಪ ಮೇಲೆ ಹೋಗಬೇಕು. ಅವರು ಬರೀ ಬಣ್ಣ ನೋಡಿ "ಸಾಕು" ಅಂದ ಗಳಿಗೆಗೆ ಅಯಸ್ಕಾಂತ ಹಿಡಿಯುವುದನ್ನು ಬಿಟ್ಟಿತ್ತು. ಅಲಗು ಎಣ್ಣೆಗೆ ಇಳಿಯಿತು. ಆಮೇಲೆ ಅರ ಹಾಕಿದರೆ ಕಚ್ಚದೆ ಜಾರುತ್ತಿತ್ತು. ಅಷ್ಟು ಗಡಸು ಅಲಗು ಕೆಳಗೆ ಬಿದ್ದರೂ ಒಡೆದೀತು. ಅದಕ್ಕೆ ಕಲ್ಲಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನನ್ನು ಕೆಂಡದ ಕಡೆ ಹಿಡಿದು ಮತ್ತೆ ಮೆಲ್ಲಗೆ ಕಾಯಿಸಿದರು. ಬೆನ್ನಿನಿಂದ ಬಣ್ಣಗಳು ಇಳಿಯತೊಡಗಿದವು. ಮುಂದೆ ಒಣಹುಲ್ಲಿನ ಬಣ್ಣ, ಅದರ ಹಿಂದೆ ಕಂದು, ನೇರಳೆ, ಬೆನ್ನಿನ ಹತ್ತಿರ ನೀಲಿ.

"ತಮ್ಮಾ, ಹುಲ್ಲಿನ ಬಣ್ಣ ಬಾಯಿಗೆ ಬಂತು ನೋಡು. ಇನ್ನು ತಡ ಮಾಡಿದ್ರೆ ಮೆತ್ತಗಾಗ್ತದೆ" ಅಂದವರೇ ನೀರಿಗೆ ಅದ್ದಿದರು. ಆ ಹುಲ್ಲಿನ ಬಣ್ಣ ಬರುವುದು ಸುಮಾರು 220ರಿಂದ 230 ಡಿಗ್ರಿಯಲ್ಲಿ, ನೀಲಿ ಬರುವುದು 300ರ ಆಸುಪಾಸಿನಲ್ಲಿ. ಅಂದರೆ ಬಾಯಿ ಗಡಸು, ಬೆನ್ನು ಮೆದು. ಒಂದೇ ಅಲಗಿನಲ್ಲಿ ಎರಡು ಹದ ಕೂರಿಸುವ ಈ ಕೈಚಳಕ ನೋಡಿದ ಮೇಲೆ ನಮ್ಮ ಕುಲುಮೆಗಳ ಬಗ್ಗೆ ನನ್ನ ಗೌರವ ಬಹಳ ಹೆಚ್ಚಿತು.

ಸಿದ್ಧ ಚೂರಿಯಲ್ಲಿ ಇದನ್ನೆಲ್ಲ ನೋಡಲು ಸಿಗುವುದಿಲ್ಲ. ಅದಕ್ಕೆ ನನ್ನ ಹತ್ತಿರ 6 ಮಿ.ಮೀ. ದಪ್ಪದ ಒಂದು ಹಿತ್ತಾಳೆ ಸರಳಿದೆ. ಅದನ್ನು ಮೇಜಿನ ಮೇಲೆ ಅಡ್ಡ ಇಟ್ಟು, ಚೂರಿಯನ್ನು ಬಹುತೇಕ ಮಲಗಿಸಿ, ಬಾಯಿಯ ಅಂಚು ಮಾತ್ರ ತಾಗುವ ಹಾಗೆ ಒತ್ತುತ್ತೇನೆ. ಬೆಳಕು ಎದುರಿಂದ ಬರುತ್ತಿರಬೇಕು. ಅಂಚು ಒಂದು ಕೂದಲೆಳೆಯಷ್ಟು ಉಬ್ಬಿ, ಒತ್ತಡ ಬಿಟ್ಟಾಗ ಹಿಂದಿನ ಹಾಗೇ ನೇರವಾದರೆ ಹದ ಸರಿ. ಉಬ್ಬಿದ್ದು ಉಬ್ಬಿದ ಹಾಗೇ ಉಳಿದರೆ ಮೆದು. ಚಕ್ಕೆ ಎದ್ದರೆ ಅತಿ ಗಡಸು. ಹಿಡಿಯಿಂದ ತುದಿಯವರೆಗೆ ಎಲ್ಲ ಕಡೆ ನೋಡಬೇಕು, ಕೆಲವು ಚೂರಿಗಳಲ್ಲಿ ನಡುವೆ ಸರಿಯಿದ್ದು ತುದಿ ಸುಟ್ಟಿರುತ್ತದೆ. ಅಂಗಡಿಯವರು ಇದಕ್ಕೆ ಒಪ್ಪದೇ ಇರಬಹುದು. ಆಗ ಕೊಂಡ ದಿನವೇ ಮನೆಯಲ್ಲಿ ಮಾಡಿ, ಬಿಲ್ಲು ಜೋಪಾನವಾಗಿ ಇಟ್ಟುಕೊಳ್ಳಿ.

ನೆರೆಯವರೊಬ್ಬರು ಆನ್‌ಲೈನಿನಲ್ಲಿ ತರಿಸಿದ ಚೂರಿ ಬಿದಿರು ಸೀಳುವಾಗ ಹಿಡಿಯ ಬುಡದಲ್ಲೇ ತುಂಡಾಯಿತು. ತುಂಡನ್ನು ತಂದು ತೋರಿಸಿದರು. ಮುರಿದ ಮುಖದಲ್ಲಿ ಸಕ್ಕರೆ ಹರಳಿನ ಹಾಗೆ ಒರಟು ಕಣಗಳು ಮಿನುಗುತ್ತಿದ್ದವು. ಹದ ಹಾಕುವಾಗ ಉಕ್ಕನ್ನು ಅತಿಯಾಗಿ ಕಾಯಿಸಿದರೆ ಕಣಗಳು ಹೀಗೆ ಬೆಳೆಯುತ್ತವೆ. ಒಳ್ಳೆಯ ಹದದ ಉಕ್ಕು ಮುರಿದರೆ ಮುಖ ಬೂದು ಬಣ್ಣಕ್ಕೆ ನುಣ್ಣಗಿರುತ್ತದೆ. ಇನ್ನೊಂದು ದೋಷವೂ ಅಲ್ಲೇ ಇತ್ತು. ಅಲಗಿನಿಂದ ಹಿಡಿಯೊಳಗೆ ಹೋಗುವ ಬಾಲ ಶುರುವಾಗುವ ಜಾಗದಲ್ಲಿ ಒಳಮೂಲೆಯನ್ನು ಚೌಕಕ್ಕೆ ಕತ್ತರಿಸಿದ್ದರು. ಒತ್ತಡವೆಲ್ಲ ಅಂಥ ಮೂಲೆಯಲ್ಲೇ ಸೇರುತ್ತದೆ, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಆ ಮೂಲೆ ದುಂಡಗಿರಬೇಕು. ಹಿಡಿ ಕೂರಿಸಿದ ಮೇಲೆ ಅದು ಕಾಣುವುದಿಲ್ಲ. ಅದಕ್ಕೇ ಕುಲುಮೆಯಲ್ಲಿ ಮಾಡಿಸುವವರು ಹಿಡಿ ಹಾಕುವ ಮುಂಚೆ ಒಂದು ಸಲ ಹೋಗಿ ನೋಡಿ ಬನ್ನಿ ಅನ್ನುತ್ತೇನೆ.

ಬಾಲ ಹಿಡಿಯ ಕೊನೆಯವರೆಗೂ ಇರಲೇಬೇಕು ಅಂತ ಹಠ ಹಿಡಿಯುವವರಿದ್ದಾರೆ. ಬೆನ್ನಿಗೆ ಕೊಡತಿಯಲ್ಲಿ ಹೊಡೆದು ಕಟ್ಟಿಗೆ ಸೀಳುವುದಾದರೆ ಅದು ಸರಿ. ಕಂಪ್ಯಾನಿಯನ್‌ನಲ್ಲಿ ಬಾಲ ಪೂರ್ತಿ ಇಲ್ಲ. ಅದೇ ಕಂಪನಿಯ 'ಗಾರ್ಬರ್ಗ್' 3.2 ಮಿ.ಮೀ. ದಪ್ಪ, ಬಾಲವೂ ಕೊನೆಯವರೆಗಿದೆ. ಬರೀ ಕೊಯ್ಯುವ, ಕೆತ್ತುವ ಕೆಲಸಕ್ಕೆ ಮೊದಲನೆಯದೇ ಧಾರಾಳ ಸಾಕು, ಹಗುರವೂ ಹೌದು.

ಹಿಡಿಯನ್ನು ಒಣ ಕೈಯಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ನಾನು ಅಲಗಿಗೆ ದಪ್ಪ ಬಟ್ಟೆ ಸುತ್ತಿ ಕಟ್ಟಿ, ಕೈಗೆ ಸೋಪಿನ ನೀರು ಹಚ್ಚಿಕೊಂಡು ಹಿಡಿಯುತ್ತೇನೆ. ದುಂಡು ಹಿಡಿ ಅಂಗೈಯಲ್ಲಿ ತಿರುಗುತ್ತದೆ, ಮೊಟ್ಟೆಯಾಕಾರದ್ದು ನಿಲ್ಲುತ್ತದೆ. ಮುಂದಕ್ಕೆ ತಿವಿದರೆ ಬೆರಳು ಅಲಗಿನ ಮೇಲೆ ಜಾರದಂತೆ ಮುಂಭಾಗದಲ್ಲಿ ಒಂದು ಉಬ್ಬು ಬೇಕು. ಬೆರಳಿಗೊಂದರಂತೆ ಕುಳಿ ತೋಡಿದ ಹಿಡಿಗಳು ನನಗೆ ಹಿಡಿಸುವುದಿಲ್ಲ. ಅವು ಒಂದೇ ಅಳತೆಯ ಕೈಗೆ, ಒಂದೇ ಹಿಡಿತಕ್ಕೆ ಮಾತ್ರ ಸರಿ. ಕೊನೆಗೆ ಅರ್ಧ ಗಂಟೆ ಗೂಟ ಕೆತ್ತಿ ಅಂಗೈ ನೋಡಿಕೊಳ್ಳುತ್ತೇನೆ. ಎಲ್ಲಿ ಕೆಂಪಾಗಿದೆಯೋ ಹಿಡಿಯ ಆ ಜಾಗದಲ್ಲಿ ಏಣಿದೆ ಅಂತ ಅರ್ಥ. ಮರದ ಹಿಡಿಯಾದರೆ ಅದನ್ನು ಉಜ್ಜಿ ಸರಿಮಾಡಬಹುದು, ಪ್ಲಾಸ್ಟಿಕ್ಕಿನದಾದರೆ ಕಷ್ಟ.

ಬಾಯಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದಕ್ಕೆ ಪ್ರಯೋಗಾಲಯದವರಿಗೆ ಐಎಸ್‌ಒ 8442-5 ಅನ್ನುವ ಮಾನದಂಡವಿದೆ. ನಮಗೆ ತೆಂಗಿನ ನಾರಿನ ಹಗ್ಗ ಇದೆ. ಎರಡೂ ಚೂರಿಯನ್ನು ಒಂದೇ ಕಲ್ಲಿನಲ್ಲಿ, ಒಂದೇ ಕೋನದಲ್ಲಿ ಮಸೆದು, ಪೇಪರಿನ ಅಂಚು ಕೊಯ್ದು ನೋಡಿ. ಆಮೇಲೆ ಒಂದೇ ಹಗ್ಗವನ್ನು ಎರಡರಲ್ಲೂ ಸಮಸಮ ತುಂಡು ಮಾಡಿ, ಮತ್ತೆ ಪೇಪರಿಗೆ ಹಿಡಿಯಿರಿ. ಯಾವುದು ಮೊದಲು ಹರಿಯತೊಡಗುತ್ತದೋ ಅದು ಬೇಗ ಸೋತದ್ದು. ಹರಿತವನ್ನು ಕಣ್ಣಲ್ಲಿ ನೋಡುವುದಾದರೆ ಬಲ್ಬಿನ ಕೆಳಗೆ ಬಾಯಿ ಮೇಲೆ ಮಾಡಿ ಹಿಡಿಯಿರಿ. ಹರಿತ ಬಾಯಿಗೆ ಬೆಳಕು ತಾಗಿ ವಾಪಸ್ ಬರುವುದಿಲ್ಲ, ಕಪ್ಪು ಗೆರೆಯಷ್ಟೇ. ಎಲ್ಲಿ ಬಿಳಿ ಚುಕ್ಕಿ ಹೊಳೆಯುತ್ತದೋ ಅಲ್ಲಿ ಮೊಂಡಾಗಿದೆ. ನಾರಿನ ಹಗ್ಗದಲ್ಲಿ ನನ್ನ ಎರಡು ಚೂರಿಗಳ ನಡುವೆ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಮಸೆಯುವಾಗ ಮಾತ್ರ ಲಾರಿ ಪ್ಲೇಟಿನದು ಬೇಗ ಹರಿತ ಹಿಡಿಯುತ್ತದೆ.

'ಡಮಾಸ್ಕಸ್' ಅಂತ ಅಲೆಅಲೆ ಚಿತ್ತಾರದ ಚೂರಿಗಳು ಈಗ ಎಲ್ಲೆಲ್ಲೂ ಸಿಗುತ್ತವೆ. ಬೆನ್ನನ್ನು ನೋಡಿ. ಪದರ ಕೂಡಿಸಿ ಬಡಿದದ್ದಾದರೆ ಗೆರೆ ಬೆನ್ನಿನ ಮೇಲೂ ಮುಂದುವರಿಯುತ್ತದೆ. ಬದಿಯಲ್ಲಿ ಮಾತ್ರ ಚಿತ್ತಾರ ಇದ್ದು ಬೆನ್ನು ಬೋಳಾಗಿದ್ದರೆ ಅದು ಮೇಲೆ ಬರೆದದ್ದಿರಬಹುದು, ಅಂಥದ್ದಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ.

ಒರೆಯನ್ನು ಕೊಳ್ಳುವವರು ಮರೆತೇಬಿಡುತ್ತಾರೆ. ಚೂರಿ ಹಾಕಿ ತಲೆಕೆಳಗು ಮಾಡಿ ಜೋರಾಗಿ ಅಲ್ಲಾಡಿಸಿ, ಬೀಳಬಾರದು. ಹಾಗಂತ ಎಳೆದು ತೆಗೆಯಲು ಎರಡು ಕೈ ಬೇಕಾದರೂ ಆಗದು. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಒರೆ ಬೂಸ್ಟು ಹಿಡಿಯುತ್ತದೆ, ಒಳಗೆ ನೀರು ನಿಂತು ಅಲಗಿಗೂ ತುಕ್ಕು. ಕಂಪ್ಯಾನಿಯನ್‌ನ ಪ್ಲಾಸ್ಟಿಕ್ ಒರೆಯ ತಳದಲ್ಲಿ ನೀರು ಇಳಿಯಲು ತೂತಿದೆ. ಅಷ್ಟು ಸಣ್ಣ ತೂತು ನಮ್ಮ ಮಳೆಯಲ್ಲಿ ಎಷ್ಟೊಂದು ಉಪಕಾರ! ಆದ್ದರಿಂದ ಮಳೆಗಾಲಕ್ಕೆ ನಾನು ಕಟ್ಟಿಕೊಳ್ಳುವುದು ಅದನ್ನೇ. ಲಾರಿ ಪ್ಲೇಟಿನದಕ್ಕೆ ಕೊಬ್ಬರಿ ಎಣ್ಣೆ ಸವರಿ, ಒರೆಗೆ ಹಾಕದೆ, ಪೇಪರ್ ಸುತ್ತಿ ಅಟ್ಟದ ಮೇಲೆ ಇಡುತ್ತೇನೆ. ಅಡಿಕೆ ಕೊಯ್ಲು ಶುರುವಾದ ಮೇಲೆ ಮತ್ತೆ ಅದು ಸೊಂಟಕ್ಕೆ ಬರುತ್ತದೆ.

ಹೊಸದಾಗಿ ಕೊಳ್ಳುವವರಿಗೆ ಅಲಗು 4 ಇಂಚಿನ ಆಸುಪಾಸಿನಲ್ಲಿದ್ದರೆ ಸಾಕು ಅನ್ನುತ್ತೇನೆ. ಮನೆ, ಕೃಷಿ ಕೆಲಸಕ್ಕೆಂದು ಮಾಡಿದ್ದಲ್ಲದ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುತ್ತವೆ. ಊರಲ್ಲಿ ಒಳ್ಳೆಯ ಕುಲುಮೆ ಇದ್ದರೆ ಮೊದಲ ಚೂರಿ ಅಲ್ಲೇ ಮಾಡಿಸಿ. ಬೆನ್ನು 3 ಮಿ.ಮೀ., ಇಳಿಜಾರು ಬೆನ್ನಿನಿಂದಲೇ, ಬಾಲದ ಮೂಲೆ ದುಂಡಗೆ, ಹಿಡಿ ಮೊಟ್ಟೆಯಾಕಾರ ಅಂತ ಒಂದು ರಟ್ಟಿನಲ್ಲಿ ಕತ್ತರಿಸಿ ಒಯ್ದು ತೋರಿಸಿ. ಬಾಯಿ ಹೇಳಿಕೆಗಿಂತ ರಟ್ಟು ನೋಡಿದರೆ ಆಚಾರ್ರಿಗೆ ಕೆಲಸ ಸಲೀಸು.