ಅರಸರ ವರ್ಷಗಳು ಕೊನೆಗೂ ಕೂಡಿದವು: ನನ್ನ ಅನುಭವ

ಹೋದ ತಿಂಗಳು ನಮ್ಮ ಸಂಡೇ ಸ್ಕೂಲ್ ಹಾಲ್‌ನ ಉದ್ದ ಗೋಡೆಗೆ ಬೈಬಲಿನ ಅರಸರ ಕಾಲಪಟ್ಟಿ ಏರಿಸಿದೆ. ಯೆಹೂದದಲ್ಲಿ ರೆಹಬ್ಬಾಮನಿಂದ ಚಿದ್ಕೀಯನವರೆಗೆ, ಇಸ್ರಾಯೇಲಿನಲ್ಲಿ ಯಾರೊಬ್ಬಾಮನಿಂದ ಹೋಶೇಯನವರೆಗೆ, ನಡುವಿನ ಸಾಲಿನಲ್ಲಿ ಪ್ರವಾದಿಗಳು. ಕ್ರಿ.ಪೂ. 931ರಿಂದ 586. ವರ್ಷಕ್ಕೆ ಒಂದು ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರೂವರೆ ಮೀಟರ್. ಎರಡು ವರ್ಷ ಹಿಡಿಯಿತು. "ತಮ್ಮಾ, ಅರಸುಗಳು ಪುಸ್ತಕದ ವರ್ಷ ಕೂಡಿ ಬರೋ ಲೆಕ್ಕ ಅಲ್ಲ, ಸುಮ್ನೆ ಬಿಡು" ಅಂದಿದ್ದ ಸಭೆಯ ಹಿರಿಯರೊಬ್ಬರು ಅವತ್ತು ಒಂದು ಗಂಟೆ ಅದರ ಮುಂದೆ ನಿಂತು, ಕೈಯಲ್ಲಿ ಬೈಬಲ್ ಹಿಡಿದು ಒಂದೊಂದೇ ವಚನ ತಾಳೆ ನೋಡಿದರು. ತಪ್ಪು ಸಿಗಲಿಲ್ಲ.

ಈ ಕೆಲಸಕ್ಕೆ ಕೈ ಹಾಕಿದವರಿಗೆಲ್ಲ ಮೊದಲ ಪೆಟ್ಟು ಎಲ್ಲಿ ಬೀಳುತ್ತದೆ ಅಂತ ಗೊತ್ತು. ಮುಂದೆ ತಾನೇ ಅರಸನಾದ ಯೇಹು ಒಂದೇ ದಿನ ಇಸ್ರಾಯೇಲಿನ ಯೋರಾಮನನ್ನೂ ಯೆಹೂದದ ಅಹಜ್ಯನನ್ನೂ ಹೊಡೆದುಹಾಕಿದ. ಸೊಲೊಮೋನನ ಆದ ಮೇಲೆ ರಾಜ್ಯ ಯೆಹೂದ, ಇಸ್ರಾಯೇಲು ಅಂತ ಒಡೆದದ್ದೂ ಎರಡೂ ಕಡೆಗೆ ಒಂದೇ ಸಲ. ಹಾಗಾದರೆ ನಡುವಿನ ವರ್ಷಗಳು ಸಮ ಇರಬೇಕು, ಅಲ್ವಾ? ಕೂಡಿಸಿ ನೋಡಿ. ಇಸ್ರಾಯೇಲಿಗೆ 98, ಯೆಹೂದಕ್ಕೆ 95. ಅದರ ಮುಂದಿನ ಭಾಗ ಇನ್ನೂ ಕಷ್ಟ. ಯೇಹುವಿನಿಂದ ಇಸ್ರಾಯೇಲಿನ ರಾಜಧಾನಿ ಸಮಾರ್ಯ ಬೀಳುವವರೆಗೆ ಇಸ್ರಾಯೇಲಿನ ಕಡೆ 143 ಚಿಲ್ಲರೆ, ಯೆಹೂದದ ಕಡೆ ಅತಲ್ಯಳಿಂದ ಹಿಜ್ಕೀಯನ ಆರನೇ ವರ್ಷದವರೆಗೆ 165. ಅಶ್ಶೂರದ (ಅಸ್ಸೀರಿಯಾದ) ದಾಖಲೆ ಹಿಡಿದರೆ ಸಿಗುವುದು ಬರೀ 120.

ಮೊದಲ ಪ್ರಯತ್ನ ಕಂಪ್ಯೂಟರಿನಲ್ಲಿ. ಎಕ್ಸೆಲ್‌ಗೆ 1900ರ ಹಿಂದಿನ ತಾರೀಖೇ ಗೊತ್ತಿಲ್ಲ, ಅದಕ್ಕೆ ಬರೀ ಅಂಕಿ ಹಾಕಿಕೊಂಡೆ. ಅಶ್ಶೂರದ ದಾಖಲೆಯಲ್ಲಿ ಬರುವ ಒಂದು ಸೂರ್ಯಗ್ರಹಣದ ವರ್ಷವನ್ನು ಖಗೋಳ ಪಟ್ಟಿಯಿಂದ ತೆಗೆದೆ. ಅದರಲ್ಲಿ ಮೈನಸ್ 762 ಅಂತಿತ್ತು, ನಾನು ಕ್ರಿ.ಪೂ. 762 ಅಂತ ಬರೆದುಕೊಂಡೆ. ಖಗೋಳದವರು ಸೊನ್ನೆ ವರ್ಷ ಇಟ್ಟುಕೊಳ್ಳುತ್ತಾರೆ, ಇತಿಹಾಸದವರು ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಅದು ಕ್ರಿ.ಪೂ. 763. ಅಶ್ಶೂರದ ಕಡೆಯದೆಲ್ಲ ಒಂದೊಂದು ವರ್ಷ ಜಾರಿ ಕೂತಿತ್ತು. ಹದಿನೈದು ದಿನ ಹೋಯಿತು. ಈ ಕೆಲಸ ಮಾಡುವವರು ಇದೊಂದನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಎರಡನೇ ಪ್ರಯತ್ನ ಡ್ರಾಯಿಂಗ್ ಶೀಟ್ ಮೇಲೆ, ವರ್ಷಕ್ಕೆ ಅರ್ಧ ಸೆಂಟಿಮೀಟರ್. ನೋಡಲು ಚೆನ್ನಾಗಿತ್ತು. ಆದರೆ ಯೆಹೂದದ ವರ್ಷವನ್ನು ಶರತ್ಕಾಲದ ತಿಶ್ರಿ ತಿಂಗಳಿಂದ, ಇಸ್ರಾಯೇಲಿನದನ್ನು ವಸಂತದ ನಿಸಾನ್ ತಿಂಗಳಿಂದ ಎಣಿಸಬೇಕು ಅಂತ ನಾನು ಒಪ್ಪಿದ ಮೇಲೆ ಅರ್ಧ ವರ್ಷದ ಅಳತೆ ಬೇಕಾಯಿತು. ಎರಡೂವರೆ ಮಿಲಿಮೀಟರನ್ನು ಕತ್ತರಿಯಲ್ಲಿ ಕತ್ತರಿಸಲು ಆಗುವುದಿಲ್ಲ. ಸುಮಾರು 300 ರೂಪಾಯಿ ಶೀಟ್ ಹಾಳಾಯಿತು.

ಮೂರನೆಯದೇ ಈಗ ಗೋಡೆಯ ಮೇಲಿರುವುದು. ಪ್ರತಿ ಅರಸನಿಗೂ ಒಂದು ಪಟ್ಟಿ, ಆಳಿದ ವರ್ಷದಷ್ಟು ಉದ್ದ, ಲ್ಯಾಮಿನೇಷನ್ ಮಾಡಿಸಿದ್ದು. ಹಿಂದೆ ಥರ್ಮಾಕೋಲ್. ಪಟ್ಟಿ ಅತ್ತಿತ್ತ ಸರಿಯಬೇಕು, ಕೆಳಗೆ ಬೀಳಬಾರದು. ಅದನ್ನು ಹೇಗೆ ಮಾಡಿದೆ ಅಂತ ಬಂದು ನೋಡಿದವರಿಗೆ ಮಾತ್ರ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಮೊಳೆ ಹೊಡೆದಂತೆ ಗಟ್ಟಿಯಾದ ವರ್ಷಗಳನ್ನು ಮೊದಲು ಕೂರಿಸಿದೆ. ಎಲ್ಲರೂ ಸೊಲೊಮೋನನಿಂದ ಕೆಳಗೆ ಎಣಿಸಿಕೊಂಡು ಬರುತ್ತಾರೆ, ಹಾಗೆ ಮಾಡಿದರೆ ಮೇಲಿನ ತಪ್ಪೂ ಕೆಳಗೆ ಇಳಿಯುತ್ತದೆ. ನಾನು ಹೊರಗಿನ ದಾಖಲೆಯಿಂದ ಶುರು ಮಾಡಿದೆ. ಅಶ್ಶೂರದವರು ಪ್ರತಿ ವರ್ಷಕ್ಕೂ ಒಬ್ಬ ಅಧಿಕಾರಿಯ ಹೆಸರಿಡುತ್ತಿದ್ದರು, ಅದೇ ಲಿಮ್ಮು ಪಟ್ಟಿ. ಅದರಲ್ಲಿ ಬುರ್-ಸಗಲೆ ಅನ್ನುವವನ ವರ್ಷದಲ್ಲಿ ಸೂರ್ಯಗ್ರಹಣ ಬರೆದಿದೆ. ಅದು 763ರ ಜೂನ್ 15. ಅಲ್ಲಿಂದ ಹಿಂದಕ್ಕೆ ಎಣಿಸಿದರೆ 853ರಲ್ಲಿ ಕರ್ಕರ್ ಯುದ್ಧ, ಅದರಲ್ಲಿ ಇಸ್ರಾಯೇಲಿನ ಅಹಾಬ 2000 ರಥ, 10,000 ಕಾಲಾಳು ಕರೆತಂದ ಅಂತ ಅಶ್ಶೂರದ ಅರಸ ಮೂರನೇ ಶಲ್ಮನೆಸೆರ ಕಲ್ಲಿನಲ್ಲಿ ಕೆತ್ತಿಸಿದ್ದಾನೆ. 841ರಲ್ಲಿ ಅದೇ ಶಲ್ಮನೆಸೆರನಿಗೆ ಯೇಹು ಕಪ್ಪ ಕೊಟ್ಟ.

853ರಿಂದ 841, ಹನ್ನೆರಡು ವರ್ಷ. ಅಹಾಬನಿಗೂ ಯೇಹುವಿಗೂ ನಡುವೆ ಇಸ್ರಾಯೇಲಿನ ಇನ್ನೊಬ್ಬ ಅಹಜ್ಯ 2, ಯೋರಾಮ 12, ಒಟ್ಟು 14. ಎರಡು ಜಾಸ್ತಿ. ಇದನ್ನು ಬಿಡಿಸಿದ್ದು ಅಮೆರಿಕದ ವಿದ್ವಾಂಸ ಎಡ್ವಿನ್ ಥೀಲೆ, ಆ ಹೆಸರು ಗೊತ್ತಿಲ್ಲದವರು ಈ ಕೆಲಸದಲ್ಲಿ ಇಲ್ಲ. ಆದರೆ ಓದಿ ಒಪ್ಪುವುದು ಬೇರೆ, ಮಕ್ಕಳಿಗೆ ತಲೆಗೆ ಹೋಗುವಂತೆ ಹೇಳುವುದು ಬೇರೆ. ನನಗೆ ದಾರಿ ಸಿಕ್ಕಿದ್ದು ಅಮ್ಮನ ಬಾಯಿಂದ. ಯಾರೋ ಮೊಮ್ಮಗನ ವಯಸ್ಸು ಕೇಳಿದರು, ಅಮ್ಮ "ಐದು ತುಂಬಿ ಆರು ನಡೀತಿದೆ" ಅಂದರು. ಅಷ್ಟೇ! ಯೆಹೂದದವರು ತುಂಬಿದ ವರ್ಷ ಹೇಳಿದರು, ಇಸ್ರಾಯೇಲಿನವರು ನಡೆಯುವ ವರ್ಷ ಹೇಳಿದರು. ಪಟ್ಟಕ್ಕೆ ಬಂದ ಆ ಚೂರು ವರ್ಷವನ್ನೂ ಇಸ್ರಾಯೇಲಿನವರು ಒಂದು ಅಂತ ಎಣಿಸಿದರು, ಹಿಂದಿನವನ ಲೆಕ್ಕದಲ್ಲೂ ಅದೇ ವರ್ಷ ಸೇರಿತ್ತು. ಒಬ್ಬೊಬ್ಬ ಅರಸನಿಗೆ ಒಂದೊಂದು ವರ್ಷ ಕಳೆಯಿರಿ. ಜಿಮ್ರಿಯ ಏಳು ದಿನ ಬಿಟ್ಟರೆ ಎಂಟು ಮಂದಿ, 98ರಲ್ಲಿ 8 ಹೋದರೆ 90. ಯೆಹೂದದ 95ರಲ್ಲಿ ಯೆಹೋಷಾಫಾಟನು ತಂದೆ ಆಸನ ಜೊತೆ ಆಳಿದ ಮೂರು ವರ್ಷ ಕಳೆಯಿರಿ. ಅಹಾಬನ ಮನೆಯ ಹೆಣ್ಣು ತಂದ ಯೆಹೂದದ ಯೆಹೋರಾಮನ ಕಾಲಕ್ಕೆ ಅಲ್ಲೂ ಇಸ್ರಾಯೇಲಿನ ಎಣಿಕೆ ಬಂತು, ಅವನಿಗೂ ಅವನ ಮಗನಿಗೂ ಒಂದೊಂದು ಕಳೆಯಿರಿ. ಅದೂ 90! ರಾತ್ರಿ ಹನ್ನೊಂದಕ್ಕೆ ಎರಡೂ ಸಾಲಿನ ತುದಿ ಒಂದೇ ಗೆರೆಗೆ ಬಂದು ನಿಂತಾಗ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಎರಡೂ ಎಣಿಕೆ ಒಂದೇ ಅಧ್ಯಾಯದಲ್ಲಿ ಬೇಕಾದರೆ ಯೆರೆಮೀಯ 52 ತೆಗೆಯಿರಿ. ಯೆರೂಸಲೇಮ್ ಸುಟ್ಟದ್ದು 12ನೇ ವಚನದಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನ 19ನೇ ವರ್ಷ, ಸೆರೆ ಒಯ್ದವರ ಲೆಕ್ಕ ಕೊಡುವ 29ನೇ ವಚನದಲ್ಲಿ 18ನೇ ವರ್ಷ. ಮಕ್ಕಳು ತಾವೇ ಕಂಡುಹಿಡಿದು ಕುಣಿದರು.

ಎರಡನೇ ಭಾಗಕ್ಕೆ ಎಂಟು ತಿಂಗಳು ಹೋಯಿತು. ಅಲ್ಲಿ ಬೇಕಾದದ್ದು ಜೊತೆ ಆಳಿಕೆ. ತಂದೆ ಇದ್ದಾಗಲೇ ಮಗ ಪಟ್ಟಕ್ಕೆ ಕೂತದ್ದು. ಎಲ್ಲಿ ಬೇಕೋ ಅಲ್ಲಿ ತುರುಕಬಾರದು, ವಚನದಲ್ಲಿ ಗುರುತು ಇರಬೇಕು. ಉಜ್ಜೀಯ ಅಂತಲೂ ಕರೆಯುವ ಯೆಹೂದದ ಅಜರ್ಯನಿಗೆ ಕುಷ್ಠ ಬಂದು ಬೇರೆ ಮನೆಯಲ್ಲಿದ್ದ, ಮಗ ಯೋತಾಮ ನ್ಯಾಯತೀರಿಸುತ್ತಿದ್ದ ಅಂತ 2 ಅರಸುಗಳು 15:5ರಲ್ಲೇ ಇದೆ. ಅಜರ್ಯನ 52 ವರ್ಷದಲ್ಲಿ ಸುಮಾರು 24 ತಂದೆ ಅಮಚ್ಯನ ಕೆಳಗೆ ಹೋಯಿತು. ಎರಡನೇ ಯಾರೊಬ್ಬಾಮನ 41ರಲ್ಲಿ ಹನ್ನೆರಡರಷ್ಟು ತಂದೆಯ ಕೆಳಗೆ. ಇಸ್ರಾಯೇಲಿನ ಪೆಕಹನ 20 ವರ್ಷ ತುಂಬಾ ಕಾಡಿತು. ಅವನಿಗೆ 20 ಕೊಟ್ಟರೆ ಜಾಗ ಸಾಲುವುದಿಲ್ಲ. ಅವನ ಜೊತೆ ಗಿಲ್ಯಾದಿನ ಐವತ್ತು ಮಂದಿ ಇದ್ದರು ಅನ್ನುವ ಮಾತೇ ಬೀಗದ ಕೈ. ಮೆನಹೇಮ ಸಮಾರ್ಯದಲ್ಲಿ ಆಳುವಾಗಲೇ ಇವನು ಯೊರ್ದನಿನ ಆಚೆ ಆಳುತ್ತಿದ್ದ ಅಂತ ಹಿಡಿದೆ, ಹನ್ನೆರಡು ವರ್ಷ ಪಕ್ಕಕ್ಕೆ ಸರಿಯಿತು. ಅಜರ್ಯ, ಯೋತಾಮ, ಪೆಕಹ ಈ ಮೂರು ಪಟ್ಟಿಯನ್ನು ಯಾವ ಕ್ರಮದಲ್ಲಿ ಕೂರಿಸಬೇಕು ಅನ್ನುವುದೇ ಇಲ್ಲಿನ ಗುಟ್ಟು. ಮೊದಲು ಪೆಕಹನನ್ನು ಇಟ್ಟರೆ ಕೂಡುವುದಿಲ್ಲ, ಇಷ್ಟು ಹೇಳುತ್ತೇನೆ.

ಹಿಜ್ಕೀಯನಲ್ಲಿ ನಾನು ಥೀಲೆಯವರನ್ನು ಒಪ್ಪುವುದಿಲ್ಲ. ಸಮಾರ್ಯ ಬಿದ್ದದ್ದು ಹಿಜ್ಕೀಯನ ಆರನೇ ವರ್ಷ ಅನ್ನುವ ವಚನವನ್ನು ಅವರು ಕೈಬಿಟ್ಟರು. ಅಶ್ಶೂರದ ಅರಸ ಸನ್ಹೇರೀಬ ಬಂದದ್ದು 701, ಅದು ಹದಿನಾಲ್ಕನೇ ವರ್ಷ, ಹಾಗಾಗಿ ಪಟ್ಟ 715 ಅಂದರು. ನಾನು ಎರಡನ್ನೂ ಉಳಿಸಿಕೊಂಡೆ. 729ರಲ್ಲಿ ತಂದೆ ಆಹಾಜನ ಜೊತೆ, 715ರಿಂದ ಒಬ್ಬನೇ. ಬೇರೆ ವಿದ್ವಾಂಸರೂ ಇದನ್ನು ಹೇಳಿದ್ದಾರೆ. 701ರ ಮೇಲೆ ದೇವರು ಕೊಟ್ಟ ಹದಿನೈದು ವರ್ಷ ಸೇರಿಸಿದರೆ 686, 715ರಿಂದ 29 ವರ್ಷ ಎಣಿಸಿದರೂ 686. ಇದಕ್ಕಿಂತ ಚೆಂದದ ತಾಳೆ ನಾನು ಕಂಡಿಲ್ಲ.

ಪ್ರವಾದಿಗಳು ಸುಲಭ ಅಂದುಕೊಂಡಿದ್ದೆ. ಅರಸರ ಹೆಸರು ಹೇಳುವವರು ಸುಲಭವೇ. ಯೆಶಾಯನ ದರ್ಶನ ಉಜ್ಜೀಯ ಸತ್ತ ವರ್ಷ, 740. ಯೆರೆಮೀಯನಂತೂ ತನ್ನ ಲೆಕ್ಕ ತಾನೇ ಕೊಡುತ್ತಾನೆ. ಯೋಷೀಯನ 13ನೇ ವರ್ಷದಿಂದ ಯೆಹೋಯಾಕೀಮನ ನಾಲ್ಕನೇ ವರ್ಷಕ್ಕೆ 23 ವರ್ಷ, ನಡೆಯುವ ವರ್ಷ ಸೇರಿಸಿ 627ರಿಂದ 605. ನಹೂಮ ಯಾವ ಅರಸನ ಹೆಸರೂ ಹೇಳುವುದಿಲ್ಲ, ಆದರೆ ಐಗುಪ್ತದ ನೋ ಪಟ್ಟಣ ಆಗಲೇ ಬಿದ್ದಿತ್ತು, ಅದು 663. ಅಶ್ಶೂರದ ರಾಜಧಾನಿ ನಿನೆವೆ ಇನ್ನೂ ಬಿದ್ದಿರಲಿಲ್ಲ, ಅದು 612. ಆ ನಡುವೆ ಕೂರಿಸಿದೆ. ಯೋವೇಲ, ಓಬದ್ಯ ಇಬ್ಬರಿಗೆ ಮೊಳೆ ಇಲ್ಲ, ಬಟ್ಟೆ ಕ್ಲಿಪ್ಪು ಹಾಕಿದ್ದೇನೆ.

ನಡುವೆ ಎರಡು ತಿಂಗಳು ಪಂಚಾಂಗದ ಹುಚ್ಚು ಹಿಡಿಯಿತು. ನಿಸಾನ್ ನಮ್ಮ ಚೈತ್ರದ ಹತ್ತಿರ ಬರುತ್ತದೆ, ಅವರದೂ ಚಾಂದ್ರಮಾನ, ಅಧಿಕ ಮಾಸವೂ ಇದೆ. ಯುಗಾದಿಯನ್ನು ಹಿಂದಕ್ಕೆ ಎಣಿಸಿ ಯೆಹೆಜ್ಕೇಲನ ತಿಂಗಳುಗಳನ್ನು ಹಿಡಿಯಲು ನೋಡಿದೆ. ಆಗಲಿಲ್ಲ. ಆ ಕಾಲದಲ್ಲಿ ಅಧಿಕ ಮಾಸಕ್ಕೆ ಗಟ್ಟಿ ನಿಯಮ ಇರಲಿಲ್ಲ. ಹಾಗಿದ್ದೂ ಒಂದು ಲಾಭವಾಯಿತು. ಯೆರೂಸಲೇಮಿಗೆ ಮುತ್ತಿಗೆ ಹಾಕಿದ ದಿನ ಯೆಹೆಜ್ಕೇಲ 24ರಲ್ಲೂ 2 ಅರಸುಗಳು 25ರಲ್ಲೂ ಒಂದೇ, ಒಂಬತ್ತನೇ ವರ್ಷ, ಹತ್ತನೇ ತಿಂಗಳು, ಹತ್ತನೇ ದಿನ. ಒಬ್ಬ ಬಾಬೆಲಿನಲ್ಲಿ ಕೂತು ಬರೆದದ್ದು, ಇನ್ನೊಂದು ಯೆಹೂದದ ವೃತ್ತಾಂತ.

ದುಡ್ಡಿನ ಮಾತು. ಹಿನ್ನೆಲೆಗೆ ಫ್ಲೆಕ್ಸ್ ಮಾಡಿಸಿದೆ, ಹನ್ನೆರಡು ಅಡಿಗೆ ನಾಲ್ಕಡಿ, ಚದರಡಿಗೆ 15ರಂತೆ 720. ಅಂಗಡಿಯಲ್ಲಿ ನನ್ನ ಯೂನಿಕೋಡ್ ಫೈಲನ್ನು ಹಳೇ ಫಾಂಟಿಗೆ ಬದಲಿಸಿದರು, ನನಗೆ ಹೇಳಲಿಲ್ಲ. ಒತ್ತಕ್ಷರಗಳೆಲ್ಲ ಚೆದುರಿ ಹೋದವು, ಅಹಜ್ಯನೂ ಚಿದ್ಕೀಯನೂ ಗುರುತೇ ಸಿಗಲಿಲ್ಲ. ದುಡ್ಡು ವಾಪಸ್ ಬರಲಿಲ್ಲ. ಎರಡನೇ ಸಲ ಪಿಡಿಎಫ್ ಕೊಟ್ಟೆ, ಮತ್ತೆ 720. ಲ್ಯಾಮಿನೇಷನ್‌ಗೆ 1100ರಷ್ಟು, ಥರ್ಮಾಕೋಲ್, ಪಿನ್ನು, ಗೋಂದು ಎಲ್ಲ ಸೇರಿ ನಾಲ್ಕು ಸಾವಿರದ ಒಳಗೇ ಮುಗಿಯಿತು. ಸಭೆಯಿಂದ ಒಂದು ಸಾವಿರ ಕೊಟ್ಟರು, ಉಳಿದದ್ದು ನನ್ನದು.

ಈಗ ಪಕ್ಕದ ಸಭೆಯವರೂ ಒಂದು ಕೇಳಿದ್ದಾರೆ. ಅವರ ಗೋಡೆ ಹದಿನಾರು ಅಡಿ ಇದೆಯಂತೆ. ಹಾಗಾದರೆ ಎಡಗಡೆ ಸೊಲೊಮೋನನ ನಲವತ್ತು ವರ್ಷಕ್ಕೆ ಜಾಗ ಸಿಗುತ್ತದೆ, ಬಲಗಡೆ ಹಗ್ಗಾಯ, ಜೆಕರ್ಯರ 520ರವರೆಗೂ ಎಳೆಯಬಹುದು. ಅಳತೆ ತೆಗೆದುಕೊಂಡು ಬಂದಿದ್ದೇನೆ, ಮಳೆ ಮುಗಿದ ಮೇಲೆ ಶುರು.