ಚಿಕ್ಕ ಮಗು ಕೂತ ಸೀಟಿನಿಂದ ನೋಡಿ: ಹೊಸ ಡಾರ್ಕ್ ರೈಡ್‌ಗಳನ್ನು ಹೋಲಿಸುವ ಬಗೆ

ಥೀಮ್ ಪಾರ್ಕುಗಳಲ್ಲಿ ಗಾಡಿಯಲ್ಲಿ ಕೂತು, ಕತ್ತಲ ಒಳಾಂಗಣದಲ್ಲಿ ಕಥೆಯ ದೃಶ್ಯಗಳ ನಡುವೆ ಸಾಗುವ ರೈಡ್‌ಗೆ ಡಾರ್ಕ್ ರೈಡ್ ಎನ್ನುತ್ತಾರೆ. ಇಂಥ ಎರಡು ರೈಡ್‌ಗಳಲ್ಲಿ ಯಾವುದು ಮೇಲು ಎಂಬ ಮಾತು ಬಂದರೆ ಚರ್ಚೆ ಸಾಮಾನ್ಯವಾಗಿ ತಂತ್ರಜ್ಞಾನದ ಸುತ್ತಲೇ ಗಿರಕಿ ಹೊಡೆಯುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ರೈಡ್‌ಗೆ ಆ ಅಳತೆ ಸಾಲದು. ಗಾಡಿಯಲ್ಲಿರುವ ಅತಿ ಚಿಕ್ಕ ಮಗುವಿಗೆ ಏನು ಕಾಣುತ್ತದೆ, ಏನು ಕೇಳುತ್ತದೆ, ಮೈಗೆ ಎಷ್ಟು ಎಳೆತ ತಾಗುತ್ತದೆ ಎಂಬಲ್ಲಿಂದ ಹೋಲಿಕೆ ಶುರುವಾಗಬೇಕು.

ಮೊದಲು ಗಾಡಿ ಯಾವ ಬಗೆಯದು ಎಂದು ಗುರುತಿಸಿಕೊಳ್ಳಿ. ಬೇರೆ ಬೇರೆ ಬಗೆಯವನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ತಪ್ಪುತ್ತದೆ. ದೋಣಿ ರೈಡ್‌ನಲ್ಲಿ ಕುಲುಕಾಟ ಕಡಿಮೆ, ಇಳಿಜಾರು ಬಂದಾಗ ಮಾತ್ರ ಎದೆ ಧಸಕ್ ಎನ್ನುತ್ತದೆ. ಓಮ್ನಿಮೂವರ್‌ನಲ್ಲಿ ಗಾಡಿಗಳು ಸರಪಣಿಯಂತೆ ಒಂದರ ಹಿಂದೆ ಒಂದು ನಿಲ್ಲದೆ ಸಾಗುತ್ತವೆ, ನೋಡಬೇಕಾದ ದೃಶ್ಯದ ಕಡೆಗೆ ತಾವೇ ನಿಮ್ಮನ್ನು ತಿರುಗಿಸುತ್ತವೆ. 1967ರಲ್ಲಿ ಡಿಸ್ನಿಲ್ಯಾಂಡ್‌ನಲ್ಲಿ ಶುರುವಾದ ಈ ವ್ಯವಸ್ಥೆ ಇಂದಿಗೂ ಚಿಕ್ಕ ಮಕ್ಕಳಿಗೆ ಅತಿ ಹಿತವಾದದ್ದು. ಮೂರನೆಯದು ಹಳಿಯಿಲ್ಲದ ಗಾಡಿ. 2000ರಲ್ಲಿ ಟೋಕಿಯೋ ಡಿಸ್ನಿಲ್ಯಾಂಡ್‌ನ ಪೂಸ್ ಹನಿ ಹಂಟ್‌ನಿಂದ ಜನಪ್ರಿಯವಾದ ಈ ಬಗೆ ಹಾಂಗ್‌ಕಾಂಗ್‌ನ ಮಿಸ್ಟಿಕ್ ಮ್ಯಾನರ್ (2013), ನೆದರ್ಲ್ಯಾಂಡ್ಸ್‌ನ ಎಫ್ಟೆಲಿಂಗ್ ಪಾರ್ಕಿನ ಸಿಂಬೋಲಿಕಾ (2017), ಶಾಂಘೈನ ಝೂಟೋಪಿಯಾ (2023) ಎಂದು ಬೆಳೆಯುತ್ತಾ ಬಂದಿದೆ. ಗುರಿಯಿಟ್ಟು ಅಂಕ ಗಳಿಸುವ ರೈಡ್‌ಗಳನ್ನಂತೂ ಪ್ರತ್ಯೇಕವಾಗಿಯೇ ಇಡಿ. ಅಲ್ಲಿ ಕಥೆಗಿಂತ ಕೈಚಳಕ ಮುಖ್ಯ, ಪುಟ್ಟ ಕೈ ಬೇಗ ಸೋಲುತ್ತದೆ.

ಇನ್ನು ಎತ್ತರದ ಮಿತಿ. ಹೆಚ್ಚಿನವರು ಎಡವುವುದು ಇಲ್ಲೇ. ಎತ್ತರದ ಮಿತಿ ಹೆದರಿಕೆಯ ಅಳತೆಯಲ್ಲ. ಸೀಟು ಮತ್ತು ಲ್ಯಾಪ್ ಬಾರ್ (ತೊಡೆಯ ಮೇಲೆ ಬಂದು ಕೂರುವ ಅಡ್ಡಕಂಬಿ) ಮಗುವನ್ನು ಸರಿಯಾಗಿ ಹಿಡಿಯುತ್ತವೆಯೇ, ಗಾಡಿ ನಿಂತರೆ ಮಗು ಹೇಳಿದಂತೆ ಕೂತಿರುತ್ತದೆಯೇ ಎಂಬುದರ ಅಳತೆ ಅದು. ಯೋಶಿಸ್ ಅಡ್ವೆಂಚರ್ ನಿಧಾನವಾಗಿ ಸಾಗುವ ರೈಡ್. ಆದರೂ ಒರ್ಲ್ಯಾಂಡೋದ ಎಪಿಕ್ ಯೂನಿವರ್ಸ್‌ನಲ್ಲಿ ಅದಕ್ಕೆ 34 ಇಂಚು, ಅಂದರೆ ಸುಮಾರು 86 ಸೆಂ.ಮೀ. ಬೇಕು. ಫ್ಲಾರಿಡಾದ ಡಿಸ್ನಿ ಪಾರ್ಕ್ ಎಪ್ಕಾಟ್‌ನ ಫ್ರೋಜನ್ ಎವರ್ ಆಫ್ಟರ್‌ಗೆ ಮಿತಿಯೇ ಇಲ್ಲ, ಆದರೆ ದೋಣಿ ಕತ್ತಲಲ್ಲಿ ಹಿಮ್ಮುಖವಾಗಿ ಸಾಗಿ, ಆಮೇಲೆ ಮುಂದಕ್ಕೆ ಜಾರುತ್ತದೆ. ಮೂರು ವರ್ಷದ ಮಗು ಬೆಚ್ಚುವುದು ಎರಡನೆಯದರಲ್ಲಿ.

ಒಂದೇ ರೈಡ್‌ಗೆ ಊರು ಬದಲಾದರೆ ಮಿತಿಯೂ ಬದಲಾಗುತ್ತದೆ. ಮಾರಿಯೋ ಕಾರ್ಟ್ ರೈಡ್‌ಗೆ ಅಮೆರಿಕದಲ್ಲಿ ದೊಡ್ಡವರ ಜೊತೆ 40 ಇಂಚು (102 ಸೆಂ.ಮೀ.) ಇದ್ದರೆ ಸಾಕು, ಜಪಾನಿನಲ್ಲಿ 107 ಸೆಂ.ಮೀ. ಬೇಕು. ಒಂದು ಪಾರ್ಕಿನ ಪಟ್ಟಿ ನೋಡಿಕೊಂಡು ಇನ್ನೊಂದು ಪಾರ್ಕಿಗೆ ಹೊರಟರೆ ಮಗು ಬಾಗಿಲಲ್ಲೇ ಅಳುತ್ತಾ ನಿಲ್ಲಬೇಕಾಗುತ್ತದೆ. ಎತ್ತರವನ್ನು ಸಂಜೆ, ಬರಿಗಾಲಲ್ಲಿ ಅಳೆಯಿರಿ. ದಿನವಿಡೀ ನಿಂತು ಓಡಾಡಿದ ಮೇಲೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಬೆಳಗಿನ ಎತ್ತರಕ್ಕಿಂತ ಒಂದು ಸೆಂಟಿಮೀಟರ್‌ನಷ್ಟು ಕಡಿಮೆಯಾಗುತ್ತದೆ. ಗಡಿಯಲ್ಲಿರುವ ಮಗುವಿಗೆ ಆ ಒಂದು ಸೆಂಟಿಮೀಟರೇ ದೊಡ್ಡದು.

ಲ್ಯಾಪ್ ಬಾರ್ ಸಾಲಿಗೆಲ್ಲ ಒಂದೇ ಇದೆಯೋ ಒಬ್ಬೊಬ್ಬರಿಗೆ ಬೇರೆಯೋ ಎಂಬುದನ್ನೂ ಬರೆದುಕೊಳ್ಳಿ. ಸಾಲಿಗೆ ಒಂದೇ ಇದ್ದರೆ ಅದು ಅತಿ ದಪ್ಪ ತೊಡೆಯ ಮೇಲೆ ನಿಲ್ಲುತ್ತದೆ. ಪಕ್ಕದಲ್ಲಿರುವ ಮಗುವಿನ ತೊಡೆಗೂ ಬಾರ್‌ಗೂ ನಡುವೆ ಒಂದು ಗೇಣು ಜಾಗ ಉಳಿಯಬಹುದು. ಗಾಡಿ ತಟ್ಟನೆ ತಿರುಗಿದಾಗ ಮಗು ಸೀಟಿನ ಮೇಲೆ ಅತ್ತಿತ್ತ ಜಾರುವುದು ಇದರಿಂದಲೇ. ಮನೆಯಲ್ಲಿ ಯಾರು ಸಣಕಲೋ ಅವರ ಪಕ್ಕ ಮಗುವನ್ನು ಕೂರಿಸಿ, ಒಳಬದಿಗೆ. ಹಳಿಯಿಲ್ಲದ ಗಾಡಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ತಿರುಗುವ ಕೇಂದ್ರದಿಂದ ದೂರ ಕೂತಷ್ಟೂ ಬೀಸು ಹೆಚ್ಚು. ತಲೆಸುತ್ತು ಬರುವವರಿಗೆ ಹೊರಅಂಚಿನ ಸೀಟು ಬೇಡ.

ಈಗ ನಿಜವಾದ ತಿರುಳು, ದೃಶ್ಯ. ಗಾಡಿಯ ಬಗೆ ಒಂದೇ ಆಗಿದ್ದರೂ ಅನುಭವ ಎಷ್ಟು ಬೇರೆಯಾಗಬಹುದು ಎಂಬುದಕ್ಕೆ ಎರಡು ರೈಡ್‌ಗಳನ್ನು ಜೊತೆಗಿಟ್ಟು ನೋಡಿ. ಪ್ಯಾರಿಸ್‌ನಲ್ಲಿ 2014ರಲ್ಲಿ, ಎಪ್ಕಾಟ್‌ನಲ್ಲಿ 2021ರಲ್ಲಿ ಬಂದ ರಾಟಟೂಯಿ ಹಳಿಯಿಲ್ಲದ್ದು. ಟೋಕಿಯೋದಲ್ಲಿ 2020ರಲ್ಲಿ ಬಂದ ಬ್ಯೂಟಿ ಅಂಡ್ ದ ಬೀಸ್ಟ್ ಕೂಡ ಹಳಿಯಿಲ್ಲದ್ದೇ. ಮೊದಲನೆಯದು ದೊಡ್ಡ ಪರದೆಗಳ ಮೇಲೆ ನಿಂತಿದೆ, ಶುರುವಾದದ್ದೇ ತ್ರೀ-ಡಿ ಕನ್ನಡಕದೊಂದಿಗೆ. ಇಲಿಯ ಗಾತ್ರಕ್ಕೆ ಇಳಿದವರಂತೆ ನಾವು ಅಡುಗೆಮನೆಯಲ್ಲಿ ಓಡುತ್ತೇವೆ, ವೇಗದ ಭಾವ ಹೆಚ್ಚು. ಎರಡನೆಯದು ಕೋಣೆಗಳು, ಚಲಿಸುವ ಗೊಂಬೆಗಳು, ಹಾಡು. ಬಟ್ಟಲಿನಾಕಾರದ ಗಾಡಿಗಳು ಹಾಡಿನ ಲಯಕ್ಕೆ ತೂಗುತ್ತಾ ಕುಣಿಯುತ್ತವೆ, ಸುಮಾರು 8 ನಿಮಿಷ. ಮೊದಲ ಸಲ ಡಾರ್ಕ್ ರೈಡ್ ಹತ್ತುವ ಮಗುವಿಗೆ ನಾವು ಎರಡನೆಯ ಬಗೆಯನ್ನೇ ಹೇಳುವುದು. ಗೊಂಬೆ ಎಲ್ಲಿದೆ ಎಂದು ಕಣ್ಣಿಗೂ ಕಿವಿಗೂ ಒಂದೇ ಉತ್ತರ ಸಿಗುತ್ತದೆ. ಪರದೆಯ ಮುಂದೆ ಕಣ್ಣು ‘ಓಡುತ್ತಿದ್ದೇವೆ’ ಎನ್ನುತ್ತದೆ, ಒಳಗಿವಿ ‘ಇಲ್ಲ, ಕೂತಿದ್ದೇವೆ’ ಎನ್ನುತ್ತದೆ. ಹೊಟ್ಟೆ ತೊಳಸುವುದು ಈ ಜಗಳದಿಂದ.

ತ್ರೀ-ಡಿ ಕನ್ನಡಕವಿರುವ ರೈಡ್ ಆದರೆ ಇನ್ನೊಂದು ತೊಡಕು: ಚಿಕ್ಕ ಮುಖದಲ್ಲಿ ಅದು ಮೂಗಿನಿಂದ ಜಾರುತ್ತದೆ, ಮಗು ರೈಡ್ ಪೂರ್ತಿ ಒಂದು ಕೈಯಲ್ಲಿ ಅದನ್ನೇ ಹಿಡಿದಿರುತ್ತದೆ. ಕನ್ನಡಕ ತೆಗೆದರೆ ಕಾಣುವುದು ಜೋಡಿಜೋಡಿ ಬಿಂಬ.

ಎಲ್ಲ ಸೀಟಿಗೂ ಒಂದೇ ರೈಡ್ ಸಿಗುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ತನ್ನಿ. ಮಿಕ್ಕಿ ಅಂಡ್ ಮಿನ್ನೀಸ್ ರನ್‌ಅವೇ ರೈಲ್ವೇಯಲ್ಲಿ (ಫ್ಲಾರಿಡಾದಲ್ಲಿ 2020, ಕ್ಯಾಲಿಫೋರ್ನಿಯಾದಲ್ಲಿ 2023) ರೈಲಿನಂತೆ ಹೊರಟ ಡಬ್ಬಿಗಳು ನಡುವೆ ಬೇರ್ಪಡುತ್ತವೆ, ಒಂದೊಂದು ಡಬ್ಬಿಯಿಂದ ಒಂದೊಂದು ಕೋನ ಕಾಣುತ್ತದೆ. ಸಿಂಬೋಲಿಕಾದಲ್ಲಿ ಹತ್ತುವ ಮೊದಲೇ ಮೂರು ಮಾರ್ಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇಂಥವನ್ನು ಒಂದೇ ಸಲ ಕೂತು ತೀರ್ಮಾನಿಸಿದರೆ ರೈಡ್‌ಗೆ ಅನ್ಯಾಯ. ಕನಿಷ್ಠ ಎರಡು ಸಲ, ಮುಂದಿನ ಸಾಲಲ್ಲೊಮ್ಮೆ ಹಿಂದಿನ ಸಾಲಲ್ಲೊಮ್ಮೆ ಕೂರಿ. ಹಿಂದಿನ ಸಾಲಿನಲ್ಲಿ ಕೂತಾಗ ತಲೆಯನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ತಗ್ಗಿಸಿ ನೋಡಿ. ಮುಂದಿನ ಸೀಟಿನ ಬೆನ್ನು ಅರ್ಧ ದೃಶ್ಯವನ್ನೇ ನುಂಗಿದರೆ ಅದು ಗಾಡಿಯ ವಿನ್ಯಾಸದ ದೋಷ, ಅಂಕ ಕಳೆಯಿರಿ.

ಹೋಗುವ ಮೊದಲು ವಿಡಿಯೋ ನೋಡುವುದು ಒಳ್ಳೆಯದೇ, ಆದರೆ ಯಾವುದಕ್ಕೆ ಎಂದು ತಿಳಿದು ನೋಡಿ. ಕ್ಯಾಮೆರಾ ಕತ್ತಲನ್ನು ತಾನೇ ಬೆಳಗಿಸಿಕೊಳ್ಳುತ್ತದೆ, ಗಟ್ಟಿ ಸದ್ದನ್ನು ತಗ್ಗಿಸಿಕೊಳ್ಳುತ್ತದೆ. ಹಾಗಾಗಿ ಹೆದರಿಕೆಯ ವಿಷಯದಲ್ಲಿ ವಿಡಿಯೋ ಯಾವಾಗಲೂ ಸೌಮ್ಯ. ಅದು ಚೆನ್ನಾಗಿ ಒದಗುವುದು ಸಮಯದ ಲೆಕ್ಕಕ್ಕೆ. ಗಾಡಿ ಹೊರಟ ಕ್ಷಣದಿಂದ ಇಳಿಯುವ ಜಾಗದವರೆಗೆ ಸ್ಟಾಪ್‌ವಾಚ್ ಒತ್ತಿ. ಏನೂ ಇಲ್ಲದ ಕಪ್ಪು ಓಣಿಗಳಲ್ಲಿ ಕಳೆದ ಸೆಕೆಂಡುಗಳನ್ನು ಬೇರೆ ಬರೆದು, ಒಟ್ಟಿನಿಂದ ಕಳೆಯಿರಿ. 6 ನಿಮಿಷದ ರೈಡ್‌ನಲ್ಲಿ 90 ಸೆಕೆಂಡು ಓಣಿಯಾದರೆ ಉಳಿದದ್ದು ನಾಲ್ಕೂವರೆ ನಿಮಿಷ, ಹೋಲಿಸಬೇಕಾದದ್ದು ಅದನ್ನು. ಬೇರೆ ಬೇರೆ ತಿಂಗಳಲ್ಲಿ ತೆಗೆದ ಎರಡು ವಿಡಿಯೋ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲನೆಯದರಲ್ಲಿ ಕೈಯಾಡಿಸುತ್ತಿದ್ದ ಗೊಂಬೆ ಎರಡನೆಯದರಲ್ಲಿ ಸುಮ್ಮನೆ ನಿಂತಿದ್ದರೆ ನಿರ್ವಹಣೆ ಹೇಗಿದೆ ಎಂಬುದು ಗೊತ್ತಾಗುತ್ತದೆ.

ಸರತಿ ಸಾಲು ಎಷ್ಟು ಬೇಗ ಕರಗುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಬಹುದು. ಹತ್ತುವ ಜಾಗದಲ್ಲಿ ಒಂದು ಗಾಡಿ ಹೊರಟು ಮುಂದಿನದು ಹೊರಡುವವರೆಗಿನ ಸೆಕೆಂಡು ಎಣಿಸಿ, 3600ನ್ನು ಅದರಿಂದ ಭಾಗಿಸಿ, ಒಮ್ಮೆಗೆ ಹೋಗುವ ಜನರಿಂದ ಗುಣಿಸಿ. 40 ಸೆಕೆಂಡಿಗೆ 24 ಜನ ಹೊರಟರೆ ಗಂಟೆಗೆ 2160 ಜನ. ನಿಮ್ಮ ಮುಂದೆ 720 ಜನರಿದ್ದರೆ 20 ನಿಮಿಷ. ಒಂದೇ ಸಲ ಅಳೆದು ನಂಬಬೇಡಿ, ಹತ್ತು ಗಾಡಿಗಳ ಸರಾಸರಿ ತೆಗೆದುಕೊಳ್ಳಿ. ಖಾಲಿ ಸೀಟುಗಳನ್ನೂ ಗಮನಿಸಿ. ಹಾಗೆಯೇ ಹೊಸ ರೈಡ್‌ನ ಮೊದಲ ಕೆಲವು ವಾರಗಳ ನಿಲುಗಡೆಯನ್ನು ಅದರ ಗುಣಕ್ಕೆ ಹಚ್ಚಬೇಡಿ. ಹಳಿಯಿಲ್ಲದ ರೈಡ್‌ನಲ್ಲಿ ಗಾಡಿಗಳ ದಾರಿಗಳು ಒಂದನ್ನೊಂದು ಹಾಯುವುದರಿಂದ ಒಂದು ಕೆಟ್ಟರೆ ಕೋಣೆಯೇ ನಿಲ್ಲುತ್ತದೆ. ಅದು ಪಳಗಲು ಸಮಯ ಬೇಕು.

ಎತ್ತರ ಸಾಲದ ಮಗು ಜೊತೆಗಿದ್ದರೆ ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ರೈಡರ್ ಸ್ವಿಚ್, ಯೂನಿವರ್ಸಲ್‌ನಲ್ಲಿ ಚೈಲ್ಡ್ ಸ್ವಾಪ್ ಎಂದು ಸಿಬ್ಬಂದಿಯನ್ನು ಕೇಳಿ. ಒಬ್ಬರು ಮಗುವಿನೊಂದಿಗೆ ನಿಂತು, ಇನ್ನೊಬ್ಬರು ಮುಗಿಸಿ ಬಂದ ಮೇಲೆ ಸಾಲನ್ನು ಮೊದಲಿನಿಂದ ಹಿಡಿಯದೆ ಹೋಗಬಹುದು. ಕೇಳಬೇಕಾದದ್ದು ಸಾಲಿನ ಬಾಗಿಲಲ್ಲಿ, ಗಾಡಿ ಹತ್ತುವ ಜಾಗಕ್ಕೆ ಬಂದ ಮೇಲಲ್ಲ.