ಡ್ಯೂಟಿಗೆ ಹೋಗುವಾಗ ಬಿದ್ದರೆ ಪರಿಹಾರ ಕೇಳುವುದು ಹೇಗೆ?

ಬೆಳಗಿನ ಶಿಫ್ಟ್ ಆರಕ್ಕೆ. ಐದೂವರೆಗೆ ಮನೆ ಬಿಟ್ಟಿದ್ದೀರಿ. ಸುಂಕದಕಟ್ಟೆ ಹತ್ತಿರ ಗುಂಡಿಗೆ ಇಳಿದ ಗಾಡಿ ಸ್ಕಿಡ್ ಆಯಿತು, ಕೈ ಮುರಿಯಿತು. ಫೋನ್ ಮಾಡಿದರೆ ಸೂಪರ್‌ವೈಸರ್ ಹೇಳುವುದು ಒಂದೇ ಮಾತು: 'ಗೇಟಿನ ಹೊರಗೆ ಆಗಿದ್ದಲ್ವಾ, ನಮಗೇನು ಸಂಬಂಧ?'

ಸಂಬಂಧ ಇದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ವಾಚ್‌ಮನ್ 2003ರಲ್ಲಿ ಬೆಳಗಿನ ಜಾವ 3ರ ಡ್ಯೂಟಿಗೆ ಹೊರಟವರು, ಕಾರ್ಖಾನೆ ಇನ್ನೂ 5 ಕಿ.ಮೀ. ಇರುವಾಗ ಅಪಘಾತದಲ್ಲಿ ತೀರಿಕೊಂಡರು. ಅವರ ಮನೆಯವರಿಗೆ ಪರಿಹಾರ ಸಿಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಜುಲೈ 29ರಂದು. ಹೌದು, 22 ವರ್ಷ ಆದಮೇಲೆ. ಆ ವರ್ಷವೇ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಎಂಬ ಕಾನೂನಿನಲ್ಲಿ ಈ ಮಾತು ನೇರವಾಗಿ ಬರೆದಿದೆ: ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತವೂ ಕೆಲಸದ ಅಪಘಾತವೇ. ಆದರೆ ಹೊತ್ತು, ಜಾಗ, ಸಂದರ್ಭ ಇವಕ್ಕೂ ಕೆಲಸಕ್ಕೂ ನಂಟು ಇರಬೇಕು.

ಆ ನಂಟು ತೋರಿಸುವುದೇ ನಿಮ್ಮ ಮೊದಲ ಕೆಲಸ, ಅದೂ ಮೊದಲ ವಾರದಲ್ಲೇ. ಆಸ್ಪತ್ರೆಯಲ್ಲಿ ಕೇಳಿದಾಗ ಸುಮ್ನೆ 'ಬಿದ್ದೆ' ಎನ್ನಬೇಡಿ, 'ಡ್ಯೂಟಿಗೆ ಹೋಗುವಾಗ ಇಂಥ ಕಡೆ, ಇಷ್ಟು ಹೊತ್ತಿಗೆ ಬಿದ್ದೆ' ಎಂದು ಬರೆಸಿ, ಯಾಕೆಂದರೆ ಆಮೇಲೆ ಎಲ್ಲರೂ ಮೊದಲು ತೆಗೆದು ನೋಡುವುದು ಆ ಚೀಟಿಯನ್ನೇ. ಪೊಲೀಸ್ ದೂರಿನಲ್ಲೂ ಅದೇ ಇರಲಿ. ಶಿಫ್ಟ್ ಪಟ್ಟಿಯ ಫೋಟೊ, ಹಾಜರಿ ದಾಖಲೆ, ಬಸ್ಸಿನಲ್ಲಿ ಹೋಗುವಾಗ ಆಗಿದ್ದರೆ ಬಿಎಂಟಿಸಿ ಟಿಕೆಟ್, ಅಂಗಡಿ ಮುಂದಿನ ಸಿಸಿಟಿವಿ, ಸಿಕ್ಕಿದ್ದೆಲ್ಲ ಎತ್ತಿಟ್ಟುಕೊಳ್ಳಿ. ಕಂಪನಿಗೆ ಬಾಯಲ್ಲಿ ಹೇಳಿದರೆ ಸಾಲದು. ವಾಟ್ಸ್‌ಆಪ್‌ನಲ್ಲಾದರೂ ಸರಿ, ಬರೆದು ಕಳಿಸಿ.

ಇನ್ನು ಸಂಬಳದ ಚೀಟಿ ನೋಡಿ. ಇಎಸ್‌ಐಗೆ (ಕಾರ್ಮಿಕರ ಸರ್ಕಾರಿ ವಿಮೆ) ಶೇ 0.75 ಕಡಿತ ಆಗುತ್ತಿದೆಯಾ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಸಾಮಾನ್ಯವಾಗಿ ಇದರಲ್ಲಿ ಇರುತ್ತಾರೆ. ಇದ್ದರೆ ನಿಮ್ಮ ದಾರಿ ಇಎಸ್‌ಐ ಕಚೇರಿಯದು. ಚಿಕಿತ್ಸೆಯ ಜೊತೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೂಲಿಯ ಶೇ 90ರಷ್ಟು ಸಿಗುತ್ತದೆ. ಆಗ ಮಾಲೀಕರ ಮೇಲೆ ಬೇರೆ ಪರಿಹಾರದ ಕೇಸು ಹಾಕಲು ಬರುವುದಿಲ್ಲ.

ಇಎಸ್‌ಐ ಇಲ್ಲದಿದ್ದರೆ ಮಾಲೀಕರೇ ಕೊಡಬೇಕು. ಎಷ್ಟು ಎಂಬ ಲೆಕ್ಕ ಹಾಕಿಕೊಂಡೇ ಮಾತಿಗೆ ಕೂರಿ. 30 ವರ್ಷದವರು, ಸಂಬಳ 18,000 ಎಂದುಕೊಳ್ಳಿ. 2020ರ ಜನವರಿ 3ರ ಮಿತಿಯಂತೆ ಲೆಕ್ಕಕ್ಕೆ ಬರುವುದು 15,000 ಮಾತ್ರ. (ಬೆಂಗಳೂರಿನ ಬಾಡಿಗೆ ನೋಡಿದವರಿಗೆ ಈ ಮಿತಿ ತಮಾಷೆ ಅನ್ನಿಸುತ್ತದೆ.) ಜೀವ ಹೋದರೆ ಅದರ ಅರ್ಧ, 7,500. ಅದನ್ನು ಆ ವಯಸ್ಸಿಗೆ ಕಾನೂನಿನ ಪಟ್ಟಿ ಕೊಡುವ ಗುಣಕ 207.98ರಿಂದ ಗುಣಿಸಿದರೆ 15,59,850 ರೂಪಾಯಿ. ಪೂರ್ತಿ ಅಂಗವಿಕಲರಾದರೆ ಅರ್ಧದ ಬದಲು ಶೇ 60, ಅಂದರೆ 18,71,820. ಪೀಣ್ಯದ ಪ್ರೆಸ್ ಮೆಷಿನ್‌ಗೆ ಹೆಬ್ಬೆರಳು ಹೋಯಿತು ಅನ್ನಿ, ಕಾನೂನಿನ ಪಟ್ಟಿಯಲ್ಲಿ ಅದಕ್ಕೆ ಶೇ 30 ನಷ್ಟ, ಹಾಗಾಗಿ 18,71,820ರಲ್ಲಿ ಶೇ 30, ಅಂದರೆ 5,61,546. 'ಐವತ್ತು ಸಾವಿರ ತಗೊಂಡು ಮುಗಿಸಪ್ಪ' ಎಂದವರ ಮುಂದೆ ಈ ಅಂಕಿ ಇಡಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12 ಬಡ್ಡಿ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಶೇ 50ರವರೆಗೆ ದಂಡವೂ ಬೀಳಬಹುದು.

ರಸ್ತೆ ಅಪಘಾತದಲ್ಲಿ ಇನ್ನೊಂದು ಗಾಡಿಯವರ ತಪ್ಪಿದ್ದರೆ ಮೋಟಾರು ವಾಹನ ಕಾಯ್ದೆಯಡಿ ಕೇಳಬಹುದು. ಅಲ್ಲಿ 15,000ದ ಮಿತಿ ಇಲ್ಲ, ಜಾಸ್ತಿ ಬರಬಹುದು. ಎರಡೂ ಕಡೆ ಕೇಳಲು ಮಾತ್ರ ಆಗದು. ಗುಂಡಿಗೆ ತಾನಾಗೇ ಬಿದ್ದವರಿಗೆ ಕೆಲಸದ ಪರಿಹಾರವೇ ಸರಿ.

ಮಾಲೀಕರು ಬಗ್ಗದಿದ್ದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನಕ್ಕೆ ಹೋಗಿ, ಅರ್ಜಿ ಯಾರ ಮುಂದೆ ಹಾಕಬೇಕೆಂದು ಕೇಳಿ. ಅಪಘಾತವಾಗಿ ಎರಡು ವರ್ಷದೊಳಗೆ ಹಾಕಬೇಕು. ವಕೀಲರಿಗೆ ದುಡ್ಡಿಲ್ಲವೇ? ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ.

ಈ ನಡುವೆ 'ಇಲ್ಲೊಂದು ಸೈನ್ ಹಾಕಿ' ಎಂದು ಖಾಲಿ ಕಾಗದ ಬಂದೇ ಬರುತ್ತದೆ. ಹಾಕಬೇಡಿ. ಹಾಕಿಬಿಟ್ಟಿದ್ದರೂ ಕೈಚೆಲ್ಲಬೇಡಿ, ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ.